ಬ್ಯಾಟು ಮುರಿದದ್ದೇಕೆ ಎಂದು ಕೇಳಲು ಜಪಾನಿಗೆ

ಹೊರಡುವ ಮೊದಲು, ಆದೋನಿ

ಜಪಾನಿಗೆ ಹೋಗಿಬಂದೆ ಎಂದರೆ ನಮ್ಮ ಓಣಿಯವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಚಪ್ಪಲಿ ನೋಡುತ್ತಾರೆ. ಅವರದೇನೂ ತಪ್ಪಿಲ್ಲ. ಐವತ್ಮೂರು ವರ್ಷದ, ಮೊಣಕಾಲು ನೋವಿನ, ಲೇತ್ ಮೇಲೆ ಮರ ಕಡೆದು ಹೊಟ್ಟೆ ಹೊರೆಯುವ ಮನುಷ್ಯ ಮಂತ್ರಾಲಯಕ್ಕೆ ಹೋಗಿಬಂದೆ ಎಂದರೆ ನಂಬಬಹುದು. ಜಪಾನ್ ಎಂದರೆ ಯಾರು ನಂಬುತ್ತಾರೆ? ನನಗೇ ಪೂರ್ತಿ ನಂಬಿಕೆ ಬಂದಿಲ್ಲ. ಬಂದಿರುವುದು ಆಯಾಸ ಮಾತ್ರ. ಅದು ಬಂದು ತಿಂಗಳಾಯಿತು, ಹೋಗುವ ಲಕ್ಷಣ ಕಾಣುತ್ತಿಲ್ಲ.

ನಾನು ಮಾಡುವುದು ತೊಟ್ಟಿಲ ಕಾಲು, ಮಂಚದ ಕಾಲು, ಲಟ್ಟಣಿಗೆ, ಕಡಗೋಲು. ನಮ್ಮಪ್ಪನೂ ಅದನ್ನೇ ಮಾಡುತ್ತಿದ್ದರು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದೆ, ಆಮೇಲೆ ಉಳಿ ಹಿಡಿದೆ. ಆರು ವರ್ಷದ ಹಿಂದೆ ಸುಮಂಗಳಾ ಮೇಡಂ ಅಂಗಡಿಗೆ ಬಂದು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಆಲೂರಿನ ಕಡೆ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವ್ಯಾಯಾಮದ ಟೀಚರು ಅವರು. ನಮ್ಮೂರ ಹತ್ತಿ ವ್ಯಾಪಾರಿಗಳ ಮನೆತನದ ಮಗಳು, ತಕ್ಕಡಿ ಬಿಟ್ಟು ಸೀಟಿ ಹಿಡಿದವರು. ಹೆಣ್ಣುಮಕ್ಕಳಿಗೆ ಬೇಸ್‌ಬಾಲ್ ಕಲಿಸುತ್ತಿದ್ದರು. ಚಿತ್ರದಲ್ಲಿದ್ದದ್ದು ಬ್ಯಾಟು, ಆದರೆ ಆಡುವವರ ಬ್ಯಾಟಲ್ಲ, ಕಲಿಸುವವರ ಬ್ಯಾಟು. ಒಂದು ಕೈಯಿಂದ ಚೆಂಡು ಮೇಲಕ್ಕೆ ಎಸೆದು, ಅದು ಇಳಿಯುವಷ್ಟರಲ್ಲಿ ಹೊಡೆದು, ದೂರದಲ್ಲಿ ನಿಂತ ಹುಡುಗಿಯರಿಗೆ ಹಿಡಿಯುವುದನ್ನು ಕಲಿಸಬೇಕು. ಹೀಗೆ ದಿನಕ್ಕೆ ಇನ್ನೂರು ಮುನ್ನೂರು ಸಲ. ಆಟದ ಬ್ಯಾಟಿನಿಂದ ಅಷ್ಟು ಹೊಡೆದರೆ ಭುಜ ಉಳಿಯುವುದಿಲ್ಲ. ಅದಕ್ಕೇ ಈ ಬ್ಯಾಟು ಉದ್ದ, ತೆಳು, ಹಗುರ. "ಮೌನೇಶಣ್ಣ, ಇಂಥಾದು ನಿಮ್ಮ ಕೈಲೆ ಆಗತೈತೇನ್ರಿ?" ಎಂದು ಕೇಳಿದರು. ಉದ್ದನೆಯ ಲಟ್ಟಣಿಗೆ ಅಷ್ಟೇ ತಾನೇ ಎಂದುಕೊಂಡೆ. ಹಾಲೆ ಮರದಲ್ಲಿ ಕಡೆದು ಕೊಟ್ಟೆ.

ಹಾಗೆ ಮೂವತ್ತೋ ನಲವತ್ತೋ ಬ್ಯಾಟು ಮಾಡಿರಬೇಕು. ಕರ್ನೂಲಿನಿಂದ, ಅನಂತಪುರದಿಂದಲೂ ಟೀಚರುಗಳು ಬಂದು ಒಯ್ದರು. ಜಪಾನಿಗೆ ಹೋಗುವ ಏಳು ತಿಂಗಳ ಮೊದಲು ಒಂದು ಬ್ಯಾಟು ಸುಮಂಗಳಾ ಮೇಡಂ ಕೈಯಲ್ಲೇ ಮುರಿಯಿತು. ಹಿಡಿಯ ಹತ್ತಿರ ಓರೆಯಾಗಿ ಸೀಳಿ, ಗೇಣುದ್ದದ ಸಿಬಿರು ಎಡಗೈ ಅಂಗೈಯಲ್ಲಿ ಹೊಕ್ಕಿತು. ಕರ್ನೂಲಿನಲ್ಲಿ ಆಪರೇಷನ್ ಆಯಿತು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ.

ನಾನು ಹಣ್ಣು ತೆಗೆದುಕೊಂಡು ಆಸ್ಪತ್ರೆಗೆ ನೋಡಲು ಹೋದಾಗ ಅವರು ನಕ್ಕು, "ಮರ ಐತಿ, ಮುರೀತು. ನೀವ್ಯಾಕ ಅಳೋ ಮುಖ ಮಾಡ್ತೀರಿ?" ಎಂದರು. ಆ ನಗುವಿನ ಭಾರಕ್ಕೆ ನಾನು ಅವತ್ತಿನಿಂದ ಒಂದೂ ಬ್ಯಾಟು ಕಡೆಯಲಿಲ್ಲ. ನಮ್ಮ ಬಿಸಿಲಿಗೆ ಮರ ಒಣಗಿ ಪೆಡಸಾಗಿರಬೇಕು ಅಂದುಕೊಂಡೆ. ಹಳೆಯ ಚೆಂಡು ಕಲ್ಲಾಗಿತ್ತು ಅಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಷ್ಟರಲ್ಲಿ ಜಪಾನಿನ ಒಂದು ಸಂಘ ಹಳ್ಳಿಯ ಟೀಚರುಗಳನ್ನು ಹತ್ತು ದಿನದ ತರಬೇತಿಗೆ ಕರೆಯಿತು. ಮೇಡಂ ಹೆಸರು ಬಂತು. ಬ್ಯಾಟು ಮಾಡುವವನೂ ಬರಲಿ, ನಮ್ಮಲ್ಲಿ ಬ್ಯಾಟು ಮಾಡುವ ಊರೇ ಇದೆ ಎಂದು ಸಂಘದವರೇ ಬರೆದರಂತೆ. ಮುರಿದ ಎರಡು ತುಂಡುಗಳನ್ನೂ ಮೊದಲೇ ಕಡೆದು ಅಂಗಡಿಯಲ್ಲಿ ಉಳಿದಿದ್ದ ಒಂದು ಹೊಸ ಬ್ಯಾಟನ್ನೂ ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟೆ.

ರೈಲಿನೊಳಗೆ

ವಿಮಾನದ ಬಗ್ಗೆ ಹೇಳುವುದಕ್ಕೇನಿಲ್ಲ. ಕೂತೆ, ಕಾಲು ಊದಿತು, ಇಳಿದೆ. ಅಲ್ಲಿನ ತಪಾಸಣೆಯವನು ಪೆಟ್ಟಿಗೆ ತೆರೆಸಿ ಟವೆಲ್ ಬಿಚ್ಚಿ, ಮುರಿದ ಕಟ್ಟಿಗೆಯನ್ನು ಭೂತಗನ್ನಡಿ ಹಿಡಿದು ನೋಡಿದ. ಹುಳ ಇದೆಯೋ ಎಂದು. ಹುಳ ಇರಲಿಲ್ಲ. ಮುರಿದದ್ದನ್ನು ಇಷ್ಟು ದೂರ ಯಾಕೆ ತಂದಿರಿ ಎಂದು ಮೇಡಂ ಅವರನ್ನು ಇಂಗ್ಲಿಷಿನಲ್ಲಿ ಕೇಳಿದ. ಅವರು ಅದೇನು ಹೇಳಿದರೋ, ಅವನು ನನಗೆ ತಲೆಬಾಗಿ ನಮಸ್ಕರಿಸಿ, ನಾನು ಸುತ್ತಿದ್ದಕ್ಕಿಂತ ಚೆಂದವಾಗಿ ಸುತ್ತಿ ಕೊಟ್ಟ. ನಮ್ಮೂರಿನಲ್ಲಿ ಬಟ್ಟೆ ಅಂಗಡಿಯವರೂ ಹಾಗೆ ಮಡಚುವುದಿಲ್ಲ.

ಆಮೇಲೆ ಮೂರು ರೈಲು. ಆ ರೈಲುಗಳಲ್ಲಿ ಯಾರೂ ಮಾತಾಡುವುದಿಲ್ಲ. ಗುಂತಕಲ್ಲಿನ ರೈಲಿನಲ್ಲಿ ಇಷ್ಟು ಹೊತ್ತಿಗೆ ಎದುರಿನವರ ಮಗಳ ಮದುವೆ ಎಲ್ಲಿಗೆ ಬಂತು ಎಂಬುದು ಗೊತ್ತಾಗಿರುತ್ತಿತ್ತು. ಇಲ್ಲಿ ಕೂತವರೆಲ್ಲ ನನ್ನಷ್ಟೇ ದಣಿದಿದ್ದರು. ಕೂತಲ್ಲೇ ಕುತ್ತಿಗೆ ಬಾಗಿಸಿ ನಿದ್ದೆ, ಅವರವರ ನಿಲ್ದಾಣ ಬಂದರೆ ತಾನೇ ಎಚ್ಚರ. ಊರು ಬಿಟ್ಟ ಮೇಲೆ ಮೊದಲ ಸಲ ನನ್ನಂಥವರನ್ನೇ ಕಂಡ ಹಾಗಾಯಿತು.

ನಾನೂ ಮಲಗಿದೆ. ಮಲಗಿದ್ದು ಪಕ್ಕದವನ ಹೆಗಲ ಮೇಲೆ. ಕಪ್ಪು ಕೋಟಿನ, ಕನ್ನಡಕದ ನಡುವಯಸ್ಸಿನವನು. ಮೇಡಂ ಎಬ್ಬಿಸಿದಾಗ ನಮ್ಮ ನಿಲ್ದಾಣ ಬಂದಿತ್ತು. ಅವನೂ ನಮ್ಮ ಜೊತೆಗೇ ಇಳಿದು, ಮೆಟ್ಟಿಲು ಹತ್ತಿ, ಎದುರಿನ ಪ್ಲಾಟ್‌ಫಾರಂಗೆ ಹೋಗಿ ನಿಂತ.

"ಪಾಪ, ಆತನ ಊರು ಎರಡು ಸ್ಟೇಷನ್ ಹಿಂದನಽ ಹೋತು. ಏಳಾಕ ಹೋದ, ನಿಮ್ಮ ಮುಖ ನೋಡಿದ, ಮತ್ತ ಕುಂತ," ಎಂದರು ಮೇಡಂ.

"ಎಬ್ಬಸಬೇಕಿತ್ತಿಲ್ರಿ ನೀವು?"

"ಎಬ್ಬಸಾಕ ಕೈ ಚಾಚಿದೆ. ಆತನಽ ಬ್ಯಾಡ ಅಂತ ಸನ್ನಿ ಮಾಡಿದ."

ಎದುರಿನ ಪ್ಲಾಟ್‌ಫಾರಂನತ್ತ ಕೈ ಮುಗಿದೆ. ಅವನು ಗಡಿಬಿಡಿಯಿಂದ ಬಗ್ಗಿದ, ನಾನು ಮತ್ತೆ ಮುಗಿದೆ, ಅವನು ಮತ್ತೆ ಬಗ್ಗಿದ. ರೈಲು ನಡುವೆ ಬಂದು ಇಬ್ಬರನ್ನೂ ಬಿಡಿಸಿತು.

ಮೈದಾನ

ಊರಿನ ಹೆಸರು ಹೇಳಲು ಹೋದರೆ ನನ್ನ ನಾಲಿಗೆ ತೊಡರುತ್ತದೆ, ಬಿಡಿ. ಸುತ್ತ ಗುಡ್ಡ, ನಡುವೆ ಗದ್ದೆ, ಗದ್ದೆಯ ಅಂಚಿಗೆ ಮೈದಾನ. ನಮಗೆ ಜೊತೆಯಾದವಳು ಎಮಿ ಎಂಬ ಹುಡುಗಿ. ಅವಳು ಜಪಾನಿಯನ್ನು ಇಂಗ್ಲಿಷ್ ಮಾಡುತ್ತಿದ್ದಳು, ಮೇಡಂ ಇಂಗ್ಲಿಷನ್ನು ಕನ್ನಡ ಮಾಡುತ್ತಿದ್ದರು. ಮಾತು ನನ್ನ ಹತ್ತಿರ ಬರುವ ಹೊತ್ತಿಗೆ ಅದೂ ನನ್ನ ಹಾಗೇ ಸುಸ್ತಾಗಿರುತ್ತಿತ್ತು.

ಮಕ್ಕಳು ಮೈದಾನಕ್ಕೆ ಇಳಿಯುವ ಮೊದಲು ಸಾಲಾಗಿ ನಿಂತು, ಟೋಪಿ ತೆಗೆದು, ಮೈದಾನಕ್ಕೇ ತಲೆಬಾಗುತ್ತಾರೆ. ನಮ್ಮ ಪೈಲವಾನರು ಗರಡಿಯ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುವುದಿಲ್ಲವೇ, ಹಾಗೆ. ಆಟ ಮುಗಿದ ಮೇಲೆ ಎಲ್ಲರೂ ಉದ್ದ ಹಿಡಿಯ ಹಲಗೆ ಹಿಡಿದು ನೆಲ ಸಮ ಮಾಡುತ್ತಾರೆ. ಕಲಿಸುವ ಮುದುಕನಿಗೆ ಎಪ್ಪತ್ತು ದಾಟಿದೆ. ಆತ ಹೊಡೆಯುವುದನ್ನು ನೋಡುತ್ತ ನಿಂತುಬಿಟ್ಟೆ. ಇಲ್ಲಿ ಹೊಡೆ ಎಂದರೆ ಇಲ್ಲಿ, ಹುಡುಗನ ಎಡಕ್ಕೆ ಎರಡು ಹೆಜ್ಜೆ ಎಂದರೆ ಎರಡೇ ಹೆಜ್ಜೆ. ನೂರು ಚೆಂಡು ಹೊಡೆದರೂ ಉಸಿರು ಏರಲಿಲ್ಲ. ಬ್ಯಾಟು ನಾನು ಮಾಡಿದ್ದಕ್ಕಿಂತ ತೆಳುವಾಗಿತ್ತು, ಆದರೂ ಮುರಿಯಲಿಲ್ಲ. ನಾನು ನೋಡುತ್ತಿದ್ದದ್ದು ಅದೊಂದನ್ನೇ.

ಮೇಡಂ ಅವರ ಸರದಿ ಬಂತು. ಅವರು ಮೂರು ಬೆರಳಲ್ಲಿ ಚೆಂಡು ಎಸೆದು ಹೊಡೆದರು. ಕೆಲವು ಸರಿ ಹೋದವು, ಕೆಲವು ಹೋಗಲಿಲ್ಲ. ಹೊಡೆಯುವ ಮೊದಲು ಪ್ರತಿ ಸಲವೂ ಅವರ ಕಣ್ಣು ಚೆಂಡು ಬಿಟ್ಟು ಹಿಡಿಯ ಮೇಲೆ ಹೋಗುತ್ತಿತ್ತು. ಮುದುಕ ಅದನ್ನು ಕಂಡ.

ಸಂಜೆ ಮೈದಾನದ ಕಟ್ಟೆಯ ಮೇಲೆ ಕೂತು ಸಕ್ಕರೆಯಿಲ್ಲದ ತಣ್ಣನೆಯ ಚಹಾ ಕುಡಿಯುತ್ತಿದ್ದೆವು. ಅದು ಚಹಾ ಅಲ್ಲ, ಗೋಧಿ ಹುರಿದ ನೀರು ಎಂದು ನನ್ನ ಅಭಿಪ್ರಾಯ. ಮೇಡಂ ತಮ್ಮ ಎಡಗೈಯನ್ನೇ ನೋಡುತ್ತ ಹೇಳಿದರು:

"ಅಣ್ಣಾ, ನಾ ಬರೋ ಮುಂದ ಹೆಡ್‌ಮಾಸ್ಟರಿಗೆ ಅರ್ಜಿ ಕೊಟ್ಟು ಬಂದೀನಿ. ಈ ತರಬೇತಿ ಮುಗದ್ರ ಸಾಕು. ಇನ್ನ ಬೇಸ್‌ಬಾಲ್ ಬಿಟ್ಟುಬಿಡ್ತೀನಿ."

"ಯಾಕ್ರಿ ಮೇಡಂ? ಆ ಹದಿನಾರು ಹುಡುಗ್ಯಾರು?"

"ಅವರಿಗೋಸ್ಕರನಽ. ಕಲತೋರು ಯಾರರ ಬರಲಿ. ನಾ ಫೋನಿನಾಗ ವಿಡಿಯೋ ನೋಡಿ ಕಲತಾಕಿ. ನನಗ ಹೊಡೆಯಾಕ ಬರಂಗಿಲ್ಲ, ಎಲ್ಲೆಲ್ಲೋ ತಾಗಿಸಿದೆ, ಅದಕ್ಕ ಮುರೀತು. ಈ ಮುದುಕನ್ನ ನೋಡಿದಿರಲ್ಲ? ಹೊಡೆಯೋದಂದ್ರ ಅದು. ನಾಳೆ ನನ್ನ ಕೈಲೆ ಮುರಿದು ಯಾವುದರ ಹುಡುಗಿ ಕಣ್ಣಿಗೆ ಹೊಕ್ಕರ?"

ಏಳು ತಿಂಗಳು ನಾನು ಬಿಸಿಲನ್ನೂ ಚೆಂಡನ್ನೂ ಬೈಯುತ್ತಿದ್ದರೆ ಈ ಹೆಣ್ಣುಮಗಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು. "ಮೊದಲು ಬ್ಯಾಟು ಮಾಡೋರನ್ನ ಕೇಳೋಣ್ರಿ," ಎಂದೆ ಅಷ್ಟೆ.

ಹೊರಿ ಅವರ ಕಾರ್ಖಾನೆ

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ನಾಲ್ಕು ಲೇತು, ಬಾಗಿಲ ತನಕ ಕಟ್ಟಿಗೆ ಹೊಟ್ಟು. ಆ ವಾಸನೆ ಮೂಗಿಗೆ ಬಡಿದಾಗ ನನಗೆ ಅಳು ಬಂದಂತಾಯಿತು. ನಾಲ್ಕು ದಿನದಲ್ಲಿ ನನಗೆ ಗುರುತಿದ್ದ ಮೊದಲ ವಸ್ತು ಅದು. ಯಜಮಾನ ಹೊರಿ ಎಂಬಾತ. ನನಗಿಂತ ಹತ್ತು ವರ್ಷ ದೊಡ್ಡವರು, ಉಗುರಿನ ಸಂದಿಯಲ್ಲಿ ನನ್ನ ಹಾಗೇ ಕಪ್ಪು.

ಅಲ್ಲಿ ನಾನೊಂದು ಎಡವಟ್ಟು ಮಾಡಿದೆ. ನಮ್ಮ ಮನೆಯಲ್ಲಿ ಕಡಿಯುವ, ಬಡಿಯುವ ಸಾಮಾನನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಡಲಿಯಾಗಲಿ, ಕುಡುಗೋಲಾಗಲಿ, ಒನಕೆಯಾಗಲಿ ನೆಲದ ಮೇಲೆ ಇಡಬೇಕು, ಅವರು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಕೊಟ್ಟವನಿಗೂ ತೆಗೆದುಕೊಂಡವನಿಗೂ ಜಗಳವಾಗುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಬ್ಯಾಟನ್ನೂ ನಾನು ಆರು ವರ್ಷ ಹಾಗೇ ಕೊಟ್ಟಿದ್ದೇನೆ. ಇಲ್ಲಿಯೂ ಭಕ್ತಿಯಿಂದ, ಮುರಿದ ತುಂಡುಗಳನ್ನೂ ಜೊತೆಗೆ ತಂದಿದ್ದ ಹೊಸದೊಂದನ್ನೂ ಹೊರಿ ಅವರ ಕಾಲ ಮುಂದೆ ನೆಲದ ಮೇಲೆ ಇಟ್ಟೆ.

ಲೇತುಗಳು ನಿಂತವು. ಕೆಲಸಗಾರರೆಲ್ಲ ನನ್ನನ್ನೇ ನೋಡಿದರು. ಎಮಿ ಬಾಯಿಗೆ ಕೈ ಅಡ್ಡ ಹಿಡಿದಳು. ಬ್ಯಾಟು ನೆಲಕ್ಕೆ ಹಾಕುವುದೆಂದರೆ ಅಲ್ಲಿ ಪುಸ್ತಕ ತುಳಿದಂತೆ ಅಂತೆ. ಹೊರಿ ಮಾತ್ರ ಮೊಣಕಾಲೂರಿ ಕೂತು, ಮೂರನ್ನೂ ಎರಡೂ ಕೈಯಿಂದ ಎತ್ತಿ, ತೋಳಿನಿಂದ ಒರೆಸಿ ಎದೆಗೆ ಹಿಡಿದುಕೊಂಡರು. ನಮ್ಮಜ್ಜಿಯ ಮಾತು ಎರಡು ಭಾಷೆ ದಾಟಿ ಅವರಿಗೆ ಮುಟ್ಟಿದಾಗ ಜೋರಾಗಿ ನಕ್ಕರು. ತುಂಡುಗಳು ಇಲ್ಲಿರಲಿ, ನಾಳೆ ಬಾ ಎಂದರು.

ಮರುದಿನ ಮೇಡಂ ಮತ್ತು ಎಮಿ ಮೈದಾನದಲ್ಲಿದ್ದರು. ನಾನೊಬ್ಬನೇ ಹೋದೆ. ಭಾಷೆ ಬೇಕಾಗಲಿಲ್ಲ. ಹೊರಿ ನನ್ನ ಹೊಸ ಬ್ಯಾಟಿನ ಕುತ್ತಿಗೆಯ ಹತ್ತಿರ, ಅಂದರೆ ಹಿಡಿ ಮುಗಿಯುವಲ್ಲಿ, ಬ್ಲೇಡಿನಿಂದ ಎಣ್ಣೆಯ ಮೆರುಗು ಕೆರೆದು, ಕುಂಚದ ತುದಿಯಿಂದ ಒಂದು ಹನಿ ಮಸಿ ಇಟ್ಟರು. ತಮ್ಮ ಬ್ಯಾಟಿನ ಮೇಲೂ ಒಂದು ಹನಿ. ಇಬ್ಬರೂ ಕೂತು ನೋಡಿದೆವು. ಅವರ ಹನಿ ಮರದ ನಾರಿನ ಎಳೆ ಹಿಡಿದು ನೆಟ್ಟಗೆ, ಹಿಡಿಯಿಂದ ತುದಿಯ ಕಡೆಗೆ ಹರಿಯಿತು. ನನ್ನದು ಓರೆಯಾಗಿ ಹೊರಟು ಪಕ್ಕಕ್ಕೆ ಜಾರಿತು. ಆಮೇಲೆ ಮುರಿದ ತುಂಡಿನ ಮೇಲೆ ಇಟ್ಟರು. ಅದರಲ್ಲಿ ಮಸಿ ಇನ್ನೂ ಓರೆಯಾಗಿ ಹೋಗಿ, ಮುರಿದ ಅಂಚಿನ ಜೊತೆಗೇ ಸಾಗಿತು.

ಅವರು ನನ್ನನ್ನು ಹಿತ್ತಲಿಗೆ ಕರೆದೊಯ್ದು ಒಂದು ಬೊಡ್ಡೆ ತೋರಿಸಿದರು. ಬೆಣೆ ಇಟ್ಟು ಸುತ್ತಿಗೆಯಿಂದ ಹೊಡೆದರು. ಮರ ತನ್ನ ಎಳೆಯಲ್ಲೇ ಸೀಳಿ ಎರಡಾಯಿತು. ಆಮೇಲೆ ಗರಗಸದ ಕಡೆ ಬೆರಳು ತೋರಿಸಿ, ಬೇಡ ಎಂದು ಕೈ ಆಡಿಸಿದರು. ಸೀಳಿದರೆ ಮರ ತನಗೆ ಬೇಕಾದ ಕಡೆ ಹೋಗುತ್ತದೆ, ಕೊಯ್ದರೆ ನಮಗೆ ಬೇಕಾದ ಕಡೆ ಬರುತ್ತದೆ. ಕೊಯ್ದದ್ದರಲ್ಲಿ ಎಳೆ ಅಡ್ಡ ಬಿದ್ದರೆ ತೆಳ್ಳಗಿನ ಕುತ್ತಿಗೆ ತಡೆಯುವುದಿಲ್ಲ.

ಇದನ್ನು ತಿಳಿಯಲು ಜಪಾನ್ ಬೇಕಿರಲಿಲ್ಲ. ನಮ್ಮಪ್ಪ ಸಾಯುವ ತನಕ ಬೆಣೆ ಹೊಡೆದೇ ಮರ ಸೀಳುತ್ತಿದ್ದರು. ನಾನು ಸೊಂಟ ನೋವೆಂದು ಬೆಣೆ ಬಿಟ್ಟೆ, ಸಾಮಿಲ್ಲಿನಲ್ಲಿ ಚೌಕ ಕೊಯ್ಸಿದ ತುಂಡು ತರಲು ಶುರು ಮಾಡಿದೆ. ತೊಟ್ಟಿಲ ಕಾಲಿಗೆ ಎಳೆ ನೆಟ್ಟಗಿದ್ದರೇನು, ಓರೆಯಿದ್ದರೇನು? ಕೂಸು ಅದನ್ನು ಬ್ಯಾಟಿನ ಹಾಗೆ ಬೀಸಿ ಹೊಡೆಯುವುದಿಲ್ಲ. ಅದೇ ಅಭ್ಯಾಸದಲ್ಲಿ ಬ್ಯಾಟನ್ನೂ ಕಡೆದೆ.

ಇನ್ನೊಂದು ಮಾತು ಉಳಿದಿದೆ, ಅದನ್ನೂ ಹೇಳಿಬಿಡುತ್ತೇನೆ. ಮುರಿದ ಆ ಬ್ಯಾಟನ್ನು ಕಡೆಯುವಾಗ ಕುತ್ತಿಗೆಯ ಹತ್ತಿರ ಉಳಿ ತೊಡರಿತ್ತು. ಮರ ಹರಿದು ಹರಿದು ಏಳುತ್ತಿತ್ತು. ಎಳೆ ಓರೆಯಿದ್ದರೆ ಹಾಗಾಗುತ್ತದೆ ಎಂದು ಮೂವತ್ತೈದು ವರ್ಷ ಉಳಿ ಹಿಡಿದ ಕೈಗೆ ಗೊತ್ತಿತ್ತು. ಆದರೆ ಅವತ್ತು ಸೆಖೆ, ಸುಸ್ತು, ಮೇಡಂಗೆ ಮರುದಿನವೇ ಬೇಕಿತ್ತು. ಆಡುವ ಬ್ಯಾಟಲ್ಲ, ಪ್ರಾಕ್ಟೀಸಿಗೆ ತಾನೇ ಎಂದುಕೊಂಡೆ. ಉಪ್ಪುಕಾಗದ ಹಾಕಿ ಉಜ್ಜಿ, ಎಣ್ಣೆ ಸವರಿ, ಮಿರಮಿರ ಮಿಂಚುವಂತೆ ಮಾಡಿ ಕೊಟ್ಟೆ. ಅವರು ಆ ಮಿಂಚು ನೋಡಿ, ಎಲ್ಲಕ್ಕಿಂತ ಚೆಂದ ಇದೇ ಆಗೈತಿ ಎಂದು ಹೊಗಳಿ ಒಯ್ದಿದ್ದರು.

ಹೊರಿ ನನ್ನ ಮುಖ ನೋಡಿದರು. ಅವರೂ ಉಳಿ ಹಿಡಿದವರು, ತಿಳಿಯದೆ ಇರುತ್ತದೆಯೇ? ಒಂದು ಲೋಟ ಬಿಸಿ ನೀರು ತಂದು ಕೈಗಿಟ್ಟು ತಮ್ಮ ಕೆಲಸಕ್ಕೆ ಹೋದರು.

ಉಳಿದ ದಿನಗಳು

ಸಂಜೆ ಮೇಡಂ ಕೇಳಿದರು: "ಏನಂದ್ರು ಅಣ್ಣಾ, ಯಾಕ ಮುರೀತಂತ?"

"ಇನ್ನಾ ನೋಡಾಕತ್ಯಾರ್ರಿ," ಎಂದೆ.

ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ, ಬಂದುಬಿಟ್ಟಿತು. ಅಲ್ಲಿಂದ ಮುಂದೆ ನಾನು ನೋಡಿದ್ದೇನೂ ಸರಿಯಾಗಿ ನೆನಪಿಲ್ಲ. ಗುಡಿ ತೋರಿಸಿದರು, ಗಂಟೆ ಬಾರಿಸಿದೆ. ಬಿಸಿನೀರಿನ ಹೊಂಡಕ್ಕೆ ಕರೆದೊಯ್ದರು. ಗಂಡಸರೆಲ್ಲ ಹುಟ್ಟಿದ ಹಾಗೇ ಇಳಿದಿದ್ದರು, ನಾನು ನಾಚಿಕೆಯಿಂದ ಗೋಡೆಗೆ ಮುಖ ಮಾಡಿ ಕೂತೆ. ರಾತ್ರಿ ಎಷ್ಟು ಮಲಗಿದರೂ ಬೆಳಿಗ್ಗೆ ಮೈ ಸೀಸದ ಗುಂಡು. ಯಾರಾದರೂ ಬ್ಯಾಟು ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹೆಂಡತಿ ಫೋನು ಮಾಡಿದಳು. "ಊಟ ಹೆಂಗೈತಿ ಅಲ್ಲೆ? ರೊಟ್ಟಿ ಸಿಗತಾವೇನು?" ಎಂದಳು.

"ಅನ್ನ ಐತಿ. ಮೀನ ಇಡ್ತಾರ, ನಾ ಒಲ್ಲೆ ಅಂತೀನಿ. ಮಂಡಕ್ಕಿ ಉಗ್ಗಾನಿ ತಿನ್ನಬೇಕು ಅನಸೈತಿ."

"ದನಿ ಯಾಕ ಹಂಗೈತಿ? ಬ್ಯಾಟಿಂದು ಗೊತ್ತಾತೇನು?"

ಅವಳಿಗೆ ಹೇಳಿದೆ. ಎಲ್ಲವನ್ನೂ ಹೇಳಿದೆ, ಉಳಿ ತೊಡರಿದ್ದನ್ನೂ.

"ನನಗ ಯಾಕ ಹೇಳ್ತಿ?" ಎಂದಳು. "ನನ್ನ ಕೈಗೇನಾಗೈತಿ?"

ಹೇಳಬೇಕೆಂದು ಮೂರು ಸಲ ಮೇಡಂ ಹತ್ತಿರ ಹೋದೆ. ಒಂದು ಸಲ ಎಮಿ ಇದ್ದಳು. ಒಂದು ಸಲ ಅವರು ಮಕ್ಕಳ ಜೊತೆ ನಗುತ್ತಿದ್ದರು, ಆ ನಗು ಕೆಡಿಸಲು ಮನಸ್ಸಾಗಲಿಲ್ಲ. ಮೂರನೆಯ ಸಲ ಅಡ್ಡಿ ಏನೂ ಇರಲಿಲ್ಲ. ನಾನೇ ಹೇಳಲಿಲ್ಲ. ಹೇಳಿದರೆ ಆದೋನಿಯಲ್ಲಿ ಮುಖ ಎತ್ತಿ ತಿರುಗುವುದು ಹೇಗೆ, ಇನ್ನು ನನ್ನ ಅಂಗಡಿಗೆ ಯಾರು ಬರುತ್ತಾರೆ ಎಂಬ ಯೋಚನೆ ಬಂತು. ಹೇಳದಿದ್ದರೆ ಅವರು ಬ್ಯಾಟು ಬಿಡುತ್ತಾರೆ, ಅಷ್ಟೇ ತಾನೇ, ಕೈಗೂ ವಿಶ್ರಾಂತಿ ಎಂದು ಕೂಡ ಯೋಚಿಸಿದೆ. ಇಂಥ ಯೋಚನೆ ನನ್ನದೇ ತಲೆಯಲ್ಲಿ ಹುಟ್ಟಿತೆಂದು ಬರೆಯಲು ಈಗಲೂ ನಾಚಿಕೆ.

ಮರಳುವ ದಿನದ ನಿಲ್ದಾಣ

ನಮ್ಮನ್ನು ಕಳಿಸಲು ಕಲಿಸುವ ಮುದುಕ ಬಂದಿದ್ದ. ಎಮಿಯ ಮೂಲಕ ಮೇಡಂಗೆ ಏನೋ ಹೇಳಿ, ತಲೆಬಾಗಿ, ರೈಲು ಬರುವ ಮೊದಲೇ ಹೊರಟುಹೋದ. ಎಮಿಯೂ ಆತನ ಜೊತೆಗೇ ಹೋದಳು, ನಾವಿಬ್ಬರೇ ಉಳಿದೆವು.

"ಏನಂದ್ರು?" ಎಂದೆ.

"ನೀನು ಚೆಂಡು ನೋಡಂಗಿಲ್ಲ, ಬ್ಯಾಟು ನೋಡ್ತಿ. ಬ್ಯಾಟು ನಂಬಲಾರದವರು ಹೊಡೆಯಾಕಾಗಂಗಿಲ್ಲ ಅಂದ್ರು." ಮೇಡಂ ನಕ್ಕರು. ನನ್ನನ್ನು ಆಸ್ಪತ್ರೆಯಲ್ಲಿ ಸಮಾಧಾನ ಮಾಡಿದ ಅದೇ ನಗು. "ಖರೆ ಐತಿ. ಅರ್ಜಿ ಕೊಟ್ಟಿದ್ದು ಚಲೋ ಆತು."

ಆಗ ಹೇಳಿದೆ. ನಿಂತುಕೊಂಡೇ ಹೇಳಿದೆ, ಕೂತರೆ ಧೈರ್ಯ ಕೂತುಬಿಡುತ್ತದೆ ಎಂದು. "ಮೇಡಂ, ತಪ್ಪು ನಿಮ್ಮ ಕೈದಲ್ಲ. ಎಳಿ ಅಡ್ಡ ಇತ್ತು. ಕಡೆಯೋ ಮುಂದ ಉಳಿ ತೊಡರತು, ನನಗ ಗೊತ್ತಾಗಿತ್ತು. ಉಜ್ಜಿ ಎಣ್ಣಿ ಹಚ್ಚಿ ಕೊಟ್ಟೆ. ಆ ಬ್ಯಾಟು ಯಾರು ಹೊಡದಿದ್ರೂ ಮುರೀತಿತ್ತು. ಈ ಮುದುಕ ಹೊಡದಿದ್ರೂ ಮುರೀತಿತ್ತು."

ಮೇಡಂ ಮುಖದಲ್ಲಿದ್ದ ನಗು ಹೋಯಿತು. ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡರು.

"ಏಳು ತಿಂಗಳು," ಎಂದರು. "ಏಳು ತಿಂಗಳು ದಿನಾ ಮುಂಜಾನೆ ಎದ್ದು ಈ ಕೈಗೆ ಬೈದೀನಿ ನಾನು. ನನ್ನ ಹುಡುಗ್ಯಾರ ಮುಖ ನೋಡಾಕ ಆಗತಿರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. ಅವರ ಕಣ್ಣು ತುಂಬಿತ್ತು. "ಇದನ್ನ ಹೇಳಾಕ ಜಪಾನಿಗೆ ಬರಬೇಕಿತ್ತೇನಣ್ಣಾ? ಆಲೂರು ದೂರ ಇತ್ತೇನು?"

ಕ್ಷಮೆ ಕೇಳುವ ಮುಖ ನನಗಿರಲಿಲ್ಲ. ರೈಲು ಬಂತು. ಅವರು ಹತ್ತಿ ಕಿಟಕಿಯ ಪಕ್ಕ ಕೂತರು. ನಾನು ಪಕ್ಕದ ಸೀಟು ಬಿಟ್ಟು ಎದುರಿಗೆ ಕೂತೆ.

ಗುಡ್ಡಗಳು ಮುಗಿದು ಊರು ಶುರುವಾಗುವ ಹೊತ್ತಿಗೆ ಮೇಡಂ ಫೋನು ತೆಗೆದರು. ಯಾರೂ ಮಾತೇ ಆಡದ ಆ ಬೋಗಿಯಲ್ಲಿ, ಸುತ್ತಲಿನವರು ಬೆಚ್ಚಿ ನೋಡುವಂತೆ, ನಮ್ಮ ಮಾರ್ಕೆಟ್ ಯಾರ್ಡಿನ ದನಿಯಲ್ಲಿ ಮಾತಾಡಿದರು.

"ಸಾರ್, ನಾನು ಸುಮಂಗಳಾ. ನನ್ನ ಅರ್ಜಿ ಮ್ಯಾಲೆ ಕಳಿಸೀರೇನು? ಇಲ್ಲಲ್ಲ? ಹರದು ಹಾಕ್ರಿ… ಹೂಂ ಸಾರ್, ಹರದು ಹಾಕ್ರಿ. ಸೋಮವಾರ ಆರಕ್ಕ ಎಲ್ಲಾ ಹುಡುಗ್ಯಾರನ್ನೂ ಗ್ರೌಂಡಿಗೆ ಬರಾಕ ಹೇಳ್ರಿ… ಯಾರು ಹೊಡೀತಾರ ಅಂದ್ರ? ನಾನಽ ಹೊಡೀತೀನಿ." ಒಂದು ಕ್ಷಣ ನಿಲ್ಲಿಸಿ, ನನ್ನನ್ನು ನೋಡದೆ, ಇನ್ನೂ ಜೋರಾಗಿ ಹೇಳಿದರು: "ನನಗ ಹೊಡೆಯಾಕ ಬರತೈತಿ."

ಫೋನು ಚೀಲಕ್ಕೆ ಹಾಕಿ ಕಣ್ಣು ಮುಚ್ಚಿದರು. ಆದೋನಿ ಮುಟ್ಟುವ ತನಕ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನಾನೂ ಆಡಿಸಲಿಲ್ಲ.